ಗರಡಿ ಹುಡುಗರ ಗುಂಡಿಗೆ: ಮೂರು ತಿಂಗಳ ವಿಶ್ರಾಂತಿ ಕೊಡಿಸಿದ ನನ್ನ ಅನುಭವ

ಹೃದಯದ ಎಡ ಹೃತ್ಕುಕ್ಷಿಯ (ರಕ್ತವನ್ನು ಮೈಗೆಲ್ಲ ತಳ್ಳುವ ಕೋಣೆಯ) ಗೋಡೆ 13ರಿಂದ 15 ಮಿಲಿಮೀಟರ್ ನಡುವೆ ಬಂದರೆ ಅದು ಸಾಮು ಮಾಡಿ ಬೆಳೆದ ಹೃದಯವೋ, ಹೃದಯದ ಸ್ನಾಯು ದಪ್ಪವಾಗುವ ರೋಗವಾದ ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪತಿಯೋ ಎಂದು ಹೇಳುವುದು ಹೃದಯತಜ್ಞರಾದ ನಮಗೆಲ್ಲ ಕಷ್ಟ. ಮೂರು ತಿಂಗಳು ಅಭ್ಯಾಸ ಬಿಡಿಸಿ ಮತ್ತೆ ಎಕೊ (ಹೃದಯದ ಅಲ್ಟ್ರಾಸೌಂಡ್) ಮಾಡಿ, ಸಾಮಿನಿಂದ ಬೆಳೆದದ್ದಾದರೆ ಗೋಡೆ ಇಳಿದಿರುತ್ತದೆ ಎಂಬ ಮಾತು ಎಲ್ಲ ಪಠ್ಯಗಳಲ್ಲೂ ಇದೆ. ಮೈಸೂರಿನ ಪೈಲ್ವಾನರಿಂದ ಅದನ್ನು ನಿಜವಾಗಿಯೂ ಮಾಡಿಸುತ್ತೇನೆ ಎಂದಾಗ ನನ್ನ ಜೊತೆಗಾರ ಹೃದಯತಜ್ಞರಲ್ಲಿ ಒಬ್ಬರೂ ನಂಬಲಿಲ್ಲ. "ಅವರು ಊಟ ಬಿಟ್ಟಾರು, ಬಸ್ಕಿ ಬಿಡುವುದಿಲ್ಲ. ಎಂಆರ್‌ಐಗೆ ಬರೆದು ಸುಮ್ಮನಿರಿ" ಎಂದು ಹಿರಿಯರೊಬ್ಬರು ಹೇಳಿದರು. ಈಗ ಸುಮಾರು ಇಪ್ಪತ್ತು ಹುಡುಗರು ಈ ವಿಶ್ರಾಂತಿಯನ್ನು ಪೂರ್ತಿ ಮುಗಿಸಿದ್ದಾರೆ. ಅದೇ ಹಿರಿಯರು ಕಳೆದ ವರ್ಷ ತಮ್ಮ ರೋಗಿಯೊಬ್ಬನನ್ನು ನನ್ನ ಬಳಿಗೆ ಕಳುಹಿಸಿದರು.

ಗರಡಿಯೊಳಗೆ ಕಾಲಿಡುವುದೇ ಮೊದಲು ದೊಡ್ಡ ಕೆಲಸವಾಗಿತ್ತು. ಕುಸ್ತಿ ಕಲಿಸುವ ಉಸ್ತಾದರಿಗೆ ಇಸಿಜಿ ಎಂದರೆ ಹುಡುಗನಿಗೆ ರೋಗದ ಹಣೆಪಟ್ಟಿ ಹಚ್ಚುವ ಯಂತ್ರ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ರಾಜ್ಯದ ಹೃದಯ ಆಸ್ಪತ್ರೆಗಳ ಮುಂದೆ ಯುವಕರ ಸಾಲು ನಿಂತದ್ದು ನಿಮಗೂ ನೆನಪಿರಬಹುದು. ಆ ವಾರಗಳಲ್ಲಿ ತಾಯಂದಿರೇ ಉಸ್ತಾದರ ಮೇಲೆ ಒತ್ತಡ ತಂದರು. ಬಾಗಿಲು ತೆರೆದದ್ದು ಹಾಗೆ.

ತಪಾಸಣೆಯ ವಿಧಾನ ನಿಮಗೆ ಗೊತ್ತಿರುವುದೇ. ಕುಟುಂಬದ ಇತಿಹಾಸ, ಸ್ಟೆತಸ್ಕೋಪ್, ಇಸಿಜಿ, ಅನುಮಾನವಿದ್ದರೆ ಎಕೊ. ಇಟಲಿಯಲ್ಲಿ 1982ರಿಂದ ಕ್ರೀಡಾಪಟುಗಳಿಗೆ ಇದು ಕಾನೂನಿನ ಕಡ್ಡಾಯ. ನಮ್ಮಲ್ಲಿ ಅಂಥದ್ದೇನೂ ಇಲ್ಲದ್ದರಿಂದ ಪ್ರತಿ ಪೈಸೆಯನ್ನೂ ನಾವೇ ಹೊಂದಿಸಬೇಕು. ಹನ್ನೆರಡು ಚಾನೆಲ್‌ನ ಹಗುರ ಇಸಿಜಿ ಯಂತ್ರಕ್ಕೆ ನಾನು ಕೊಟ್ಟದ್ದು ಐವತ್ತು ಸಾವಿರದ ಆಸುಪಾಸು. ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಎಕೊ ಯಂತ್ರವನ್ನು ಹಳೆಯದೇ ಕೊಂಡೆ, ಮೂರೂವರೆ ಲಕ್ಷದ ಹತ್ತಿರವಾಯಿತು. ಅದರ ಪ್ರೋಬ್ (ಎದೆಗೆ ಒತ್ತಿ ಹಿಡಿಯುವ ಭಾಗ) ಆರು ತಿಂಗಳಲ್ಲೇ ಕೆಟ್ಟು ಇನ್ನೊಂದು ಲಕ್ಷ ನುಂಗಿತು. ಹಳೆಯ ಯಂತ್ರ ಕೊಳ್ಳುವವರು ಪ್ರೋಬಿಗೆ ಬೇರೆಯಾಗಿ ಗ್ಯಾರಂಟಿ ಬರೆಸಿಕೊಳ್ಳಿ.

ಮೊದಲ ಶಿಬಿರದ ಇಸಿಜಿಗಳಲ್ಲಿ ಅರ್ಧಕ್ಕರ್ಧ ಕಸದ ಬುಟ್ಟಿ ಸೇರಿದವು. ಗರಡಿಯ ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ ಎಲ್ಲ ಬೆರೆತಿರುತ್ತದೆ. ಅದರಲ್ಲಿ ಹೊರಳಿ ಎದ್ದವನ ಎದೆಗೆ ಅಂಟುವ ಎಲೆಕ್ಟ್ರೋಡ್ ನಿಲ್ಲುವುದಿಲ್ಲ, ಹೀರಿ ಹಿಡಿಯುವ ರಬ್ಬರ್ ಬಲ್ಬ್ ಕಚ್ಚುವುದಿಲ್ಲ. ಸ್ಪಿರಿಟ್ ಹಾಕಿ ಒರೆಸಿದರೆ ಎಣ್ಣೆ ಇನ್ನಷ್ಟು ಹರಡಿ ಗೆರೆ ಹಾವಿನಂತೆ ಓಡಾಡುತ್ತದೆ. ನಾನೂ ನನ್ನ ತಂತ್ರಜ್ಞರೂ ಕೊನೆಗೆ ಒಂದು ಒರೆಸುವ ಮಿಶ್ರಣ ಕಂಡುಕೊಂಡೆವು, ಖರ್ಚು ತಲೆಗೆ ಎರಡು ರೂಪಾಯಿ. ಅದರಲ್ಲಿ ತಂತ್ರಜ್ಞರ ಶ್ರಮವೇ ಹೆಚ್ಚಾದ್ದರಿಂದ ಇಲ್ಲಿ ಬರೆಯುವುದಿಲ್ಲ. ಬೆಳಿಗ್ಗೆ ಸಾಮಿಗೆ ಇಳಿಯುವ ಮುಂಚೆಯೇ ಹೋಗಿ ಕುಳಿತರೆ ಅದೂ ಬೇಕಾಗುವುದಿಲ್ಲ, ಆದರೆ ಐದು ಗಂಟೆಗೆ ಏಳಬೇಕು.

ಎದೆಯ ಮೇಲಿನ ಎಲೆಕ್ಟ್ರೋಡ್‌ಗಳಾದ ವಿ1, ವಿ2 ಎಲ್ಲಿ ಇಡುತ್ತೀರಿ ಎಂಬುದನ್ನು ಮಾತ್ರ ನೀವೇ ನಿಂತು ನೋಡಿ. ಪೈಲ್ವಾನರ ಎದೆಯ ಸ್ನಾಯು ದಪ್ಪವಾಗಿರುವುದರಿಂದ ಪಕ್ಕೆಲುಬು ಎಣಿಸಲು ಬೇಸರಪಟ್ಟು ತಂತ್ರಜ್ಞರು ಎರಡನೇ ಅಂತರದಲ್ಲೇ, ಅಂದರೆ ಇರಬೇಕಾದ್ದಕ್ಕಿಂತ ಮೇಲೆ, ಅಂಟಿಸಿಬಿಡುತ್ತಾರೆ. ಆಗ ಇಲ್ಲದ ಬ್ರುಗಾಡ (ಹೃದಯದ ಲಯ ಕೆಡಿಸುವ ರೋಗ) ಕಾಣಿಸುತ್ತದೆ, ಇಸಿಜಿ ಗೆರೆಯಲ್ಲಿ ತಲೆಕೆಳಗಾದ ಟಿ ಅಲೆ ಕಾಣಿಸುತ್ತದೆ. ವಿ1ರಲ್ಲಿ ಪಿ ಅಲೆ ಪೂರ್ತಿ ಕೆಳಮುಖವಾಗಿದ್ದರೆ ಮೊದಲು ಎಲೆಕ್ಟ್ರೋಡ್ ಕೆಳಗಿಳಿಸಿ, ಆಮೇಲೆ ರೋಗದ ಮಾತು. ಯಂತ್ರ ತಾನೇ ಅಚ್ಚು ಹಾಕುವ ವ್ಯಾಖ್ಯಾನವನ್ನು ನಾನು ಬಂದ್ ಮಾಡಿಸಿದ್ದೇನೆ. ಅದಕ್ಕೆ ಎತ್ತರದ ಆರ್ ಅಲೆ ಕಂಡರೆ ಸಾಕು, ಗೋಡೆ ದಪ್ಪವಾಗಿದೆ ಎಂದು ಬರೆಯುತ್ತದೆ. ಕ್ರೀಡಾಪಟುಗಳಿಗೆಂದೇ 2017ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡಗಳ ಪ್ರಕಾರ ಬರಿಯ ವೋಲ್ಟೇಜ್ (ಅಲೆಯ ಎತ್ತರ) ಹೆಚ್ಚಿದ್ದರೆ ಅದು ಸಹಜ. ಮಿಡಿತ 30ರವರೆಗೆ ಇಳಿದರೂ ಸಹಜ, ಆಗಾಗ ಒಂದು ಮಿಡಿತ ಬಿಟ್ಟುಹೋಗುವ ವೆಂಕೆಬಾಕ್ ಬ್ಲಾಕ್ ಕೂಡ ಸಹಜ. ದೊಡ್ಡ ಆಸ್ಪತ್ರೆಯೊಂದರಲ್ಲಿ ಪೇಸ್‌ಮೇಕರ್ ಬೇಕೆಂದು ಹೇಳಿಸಿಕೊಂಡು ಬಂದ ಹುಡುಗನಿಗೆ ನಾನು ಅಲ್ಲೇ ಇಪ್ಪತ್ತು ಬಸ್ಕಿ ಹೊಡೆಸಿ ಮತ್ತೆ ಇಸಿಜಿ ತೆಗೆದೆ. ಬ್ಲಾಕ್ ಮಾಯವಾಗಿತ್ತು. ಎರಡು ನಿಮಿಷದ ಕೆಲಸ. ಅವನ ಮನೆಯವರು ಆಗಲೇ ಒಡವೆ ಅಡವಿಡಲು ಹೊರಟಿದ್ದರು. ಇದನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ರಕ್ತದೊತ್ತಡದ ಕಫ್ ಕೂಡ ಇಂಥದ್ದೇ ತೊಂದರೆ ಕೊಡುತ್ತದೆ. 40 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ ಮಾಮೂಲಿ ಕಫ್ ಸುತ್ತಿದರೆ 150 ಬರುತ್ತದೆ. ದೊಡ್ಡ ಕಫ್ ಸುತ್ತಿದರೆ ಅದೇ ಹುಡುಗನದು 128. ಸಾವಿರ ರೂಪಾಯಿಯ ಕಫ್ ಇಲ್ಲದೆ ಜೀವನವಿಡೀ ಮಾತ್ರೆ ನುಂಗುವ ಹುಡುಗರಿದ್ದಾರೆ. ಸ್ಟೆತಸ್ಕೋಪನ್ನಂತೂ ಬಿಡಬೇಡಿ. ನಾವು ಕಾರ್ಡಿಯೊಮಯೋಪತಿ ಹುಡುಕುತ್ತ ಹೋದೆವು. ಹಳ್ಳಿಯಿಂದ ಬಂದ ಮಕ್ಕಳಲ್ಲಿ ಸಿಕ್ಕಿದ್ದು ರುಮ್ಯಾಟಿಕ್ ಜ್ವರದಿಂದ ಕೆಟ್ಟ ಹೃದಯದ ಮೈಟ್ರಲ್ ಕವಾಟ. ಯುರೋಪಿನ ಪಟ್ಟಿಗಳಲ್ಲಿ ಅದಕ್ಕೆ ಜಾಗವೇ ಇಲ್ಲದಂತಿದೆ, ನಮ್ಮಲ್ಲಿ ಅದನ್ನು ಮೊದಲ ಸಾಲಿನಲ್ಲೇ ಬರೆದುಕೊಳ್ಳಬೇಕು.

ಈಗ ವಿಶ್ರಾಂತಿಯ ವಿಷಯ. ಮೊದಲ ತಂಡದಲ್ಲಿ ನಾಲ್ಕೈದು ಹುಡುಗರಿದ್ದರು. ಗೋಡೆ 13, 14 ಇತ್ತು. ಮೂರು ತಿಂಗಳು ಏನೂ ಮಾಡಬೇಡಿ ಎಂದು ಚೀಟಿ ಬರೆದುಕೊಟ್ಟೆ. ಮೂರು ತಿಂಗಳಾದ ಮೇಲೆ ಒಬ್ಬನದೂ ಇಳಿದಿರಲಿಲ್ಲ. ಜೊತೆಗಾರರು ನಕ್ಕರು. ಆದರೆ ಮಿಡಿತ ನೋಡಿದರೆ ಎಲ್ಲರದೂ ಇನ್ನೂ ನಲವತ್ತರ ಆಸುಪಾಸಿನಲ್ಲೇ ಇತ್ತು. ಅಭ್ಯಾಸ ನಿಲ್ಲಿಸಿದವನ ಮಿಡಿತ ಕೆಲವೇ ವಾರಗಳಲ್ಲಿ ಏರಬೇಕು. ಅಂದರೆ ಇವರು ಮನೆಯ ಹಿಂದೆ ಕತ್ತಲಲ್ಲಿ ದಂಡ, ಬಸ್ಕಿ ಹೊಡೆಯುತ್ತಿದ್ದರು. ಒಬ್ಬನಂತೂ "ಕುಸ್ತಿ ಆಡಲಿಲ್ಲ ಡಾಕ್ಟರೇ, ಮಟ್ಟಿ ಅಗೆದೆ ಅಷ್ಟೇ" ಎಂದ. ಗರಡಿಯ ಮಣ್ಣನ್ನು ಸನಿಕೆಯಿಂದ ಅಗೆದು ಹದ ಮಾಡುವುದು ಎಂಥ ಕಸರತ್ತು ಎಂಬುದು ಮಾಡಿದವರಿಗೇ ಗೊತ್ತು! ಈಗ ನನ್ನ ಚೀಟಿಯಲ್ಲಿ ಮಣ್ಣು ಅಗೆಯುವಂತಿಲ್ಲ, ಗದೆ ತಿರುಗಿಸುವಂತಿಲ್ಲ, ಬೆಟ್ಟ ಹತ್ತುವಂತಿಲ್ಲ ಎಂದು ಒಂದೊಂದನ್ನೂ ಹೆಸರಿಸಿ ಬರೆದಿರುತ್ತದೆ.

ಎರಡನೇ ಸಲ ದುಡ್ಡಿನಿಂದ ಹಿಡಿಯಲು ನೋಡಿದೆ. ಪೈಲ್ವಾನನ ಹಾಲು, ಬಾದಾಮಿ, ತುಪ್ಪ, ಮಾಂಸಕ್ಕೆ ತಿಂಗಳಿಗೆ ಹನ್ನೆರಡರಿಂದ ಹದಿನೈದು ಸಾವಿರ ಬೇಕು. ಮೂರು ತಿಂಗಳ ಖರ್ಚು ನಾನು ಕೊಡುತ್ತೇನೆ, ಅಭ್ಯಾಸ ಬಿಡಿ ಎಂದೆ. ಅದೂ ಕೆಟ್ಟಿತು. ಸಾಮಿಲ್ಲದೆ ಅಷ್ಟು ತಿಂದವರು ಎಂಟು ಹತ್ತು ಕಿಲೋ ಕೊಬ್ಬು ಏರಿಸಿಕೊಂಡರು, ಒತ್ತಡ ಏರಿತು, ಎಕೊದಲ್ಲಿ ಹೃದಯ ಕಾಣುವ ಕಿಟಕಿಯೇ ಸಿಗದಂತಾಯಿತು. ತಲೆಗೆ ನಲವತ್ತು ಸಾವಿರ ಹೋಯಿತು. ಅದೇ ದುಡ್ಡಿಗೆ ಮೂರು ಎಂಆರ್‌ಐ ಆಗುತ್ತಿತ್ತು ಎಂದು ಮನೆಯಲ್ಲೂ ಮಾತು ಬಂತು. ಎಂಆರ್‌ಐ ಬೇಕು, ನಾನು ಅದರ ವಿರೋಧಿಯಲ್ಲ. ಆದರೆ ಹೃದಯದ ಸ್ನಾಯುವಿನಲ್ಲಿ ಗಾಯದ ಗುರುತು ಇಲ್ಲದಿದ್ದರೆ ರೋಗ ಇಲ್ಲವೆಂದು ಅದು ಹೇಳುವುದಿಲ್ಲ. ಹುಡುಗ ಅದೇ ಅನುಮಾನದಲ್ಲೇ ಉಳಿಯುತ್ತಾನೆ.

ಮೂರನೇ ಸಲ ಮೂರು ಬದಲಾವಣೆ ಮಾಡಿದೆ. ಅರ್ಧ ಪಡಿ ಮಾತ್ರ, ದುಡ್ಡು ಹುಡುಗನ ಕೈಗಲ್ಲ, ಮನೆಗೆ ಹಾಲು ಹಾಕುವವರಿಗೆ. ತಿಂಗಳಿಗೆ ಆರು ಸಾವಿರದೊಳಗೆ ಮುಗಿಯಿತು. ಈ ದುಡ್ಡು ಬಂದದ್ದು ಬೆಂಗಳೂರಿನಿಂದ ಬರುವ ನನ್ನ ಮ್ಯಾರಥಾನ್ ಓಟಗಾರರಿಂದ. ಅವರಿಂದ ಪೂರ್ತಿ ಶುಲ್ಕ ಪಡೆದು ಒಂದು ಪಾಲನ್ನು ಗರಡಿಗೆ ಎತ್ತಿಡುತ್ತೇನೆ, ಅವರಿಗೂ ಇದು ಗೊತ್ತು. ಇನ್ನೊಂದು, ವಿಶ್ರಾಂತಿ ಶುರುವಾಗುವುದು ವಿಜಯದಶಮಿಯ ಮರುದಿನ. ದಸರಾ ಕುಸ್ತಿ ಮುಗಿದಿರುತ್ತದೆ, ಸುತ್ತೂರು ಜಾತ್ರೆಯ ಕುಸ್ತಿಗೆ ಮೂರು ತಿಂಗಳ ಮೇಲೆ ಇರುತ್ತದೆ. ಇದಿಷ್ಟನ್ನು ಕ್ಯಾಲೆಂಡರಿನಲ್ಲಿ ಗುರುತಿಸಿದ ಮೇಲೆ ಅರ್ಧ ಜಗಳ ತಪ್ಪಿತು. ಕೊನೆಯದಾಗಿ, ಹುಡುಗನ ಕಾವಲನ್ನು ಉಸ್ತಾದರಿಗೇ ಒಪ್ಪಿಸಿದೆ. ಅವರನ್ನು ಹೇಗೆ ಒಪ್ಪಿಸಿದೆ ಎಂಬುದು ನನ್ನ ಮತ್ತು ಅವರ ನಡುವೆ ಇರಲಿ. ಅವರ ಮಾತಿಗೆ ಇರುವ ತೂಕ ನನ್ನ ಚೀಟಿಗೆ ಎಂದೂ ಬಾರದು ಎಂಬುದನ್ನಷ್ಟೇ ಹೇಳುತ್ತೇನೆ.

ಎಕೊ ಎರಡೂ ಸಲ ಒಂದೇ ಯಂತ್ರದಲ್ಲಿ ಆಗಬೇಕು. ಎರಡನೆಯದನ್ನು ಮಾಡುವವರಿಗೆ ಮೊದಲ ಅಂಕಿ ತಿಳಿಯಬಾರದು. ಗೋಡೆಗೆ ತಾಗಿದ ಬಲ ಹೃತ್ಕುಕ್ಷಿಯ ಸ್ನಾಯುಪಟ್ಟಿಯನ್ನೂ ಸೇರಿಸಿ ಅಳೆದರೆ 12 ಇದ್ದದ್ದು 15 ಆಗುತ್ತದೆ. ನನ್ನ ಬಳಿಗೆ ಹೆದರಿ ಬಂದವರಲ್ಲಿ ಎಷ್ಟೋ ಮಂದಿಯ ಕಥೆ ಅಲ್ಲಿಗೇ ಮುಗಿದಿದೆ. ಒಂದು ಮಿಲಿಮೀಟರ್ ಇಳಿದರೆ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಎರಡಾದರೂ ಇಳಿಯಬೇಕು. ಹೃತ್ಕುಕ್ಷಿಯ ಕೋಣೆಯ ಅಗಲ ಇಳಿಯಲಿಲ್ಲವೆಂದು ಗಾಬರಿಯಾಗಬೇಡಿ. ಇಟಲಿಯ ದೊಡ್ಡ ಕ್ರೀಡಾಪಟುಗಳಲ್ಲೂ ಆಟ ಬಿಟ್ಟು ವರ್ಷಗಳಾದ ಮೇಲೆ ಐದರಲ್ಲೊಬ್ಬರ ಕೋಣೆ ಅಗಲವಾಗಿಯೇ ಉಳಿದಿತ್ತು.

ಹೀಗೆ ನಡೆದ ಮೊದಲ ಸುತ್ತಿನಲ್ಲಿ 14 ಇದ್ದ ಹುಡುಗ ಜನವರಿಯಲ್ಲಿ 11ಕ್ಕೆ ಬಂದ. ಕೋಣೆ ಅಗಲವಾಗಿಯೇ, 57 ಇತ್ತು, ಡಯಾಸ್ಟೋಲಿಕ್ ವೇಗಗಳು (ಹೃದಯ ಸಡಿಲಗೊಳ್ಳುವಾಗಿನವು) ಚೆನ್ನಾಗಿದ್ದವು. ಬೇರೆಡೆ ಅವನಿಗೆ ಕುಸ್ತಿ ಬಿಟ್ಟುಬಿಡು ಎಂದಿದ್ದರು. ಆ ವರ್ಷದ ದಸರೆಯಲ್ಲಿ ದೇವರಾಜ ಅರಸು ಕ್ರೀಡಾಂಗಣದಲ್ಲಿ ಅವನು ಜೋಡಿ ಗೆದ್ದಾಗ ನಾನು ಮುಂದಿನ ಸಾಲಿನಲ್ಲಿದ್ದೆ. ಇನ್ನೊಬ್ಬನದು ಇಳಿಯಲಿಲ್ಲ. 15 ಇದ್ದದ್ದು 15. ಕೋಣೆ ಚಿಕ್ಕದು, 43, ವಿ5, ವಿ6ರಲ್ಲಿ ಟಿ ತಲೆಕೆಳಗು, ಟ್ರೆಡ್‌ಮಿಲ್‌ನಲ್ಲಿ ಒತ್ತಡ 20 ಕೂಡ ಏರಲಿಲ್ಲ. ಎಂಆರ್‌ಐಯಲ್ಲಿ ಗಾಯದ ಗುರುತು ಸಿಕ್ಕಿತು. ತಂದೆ ನಲವತ್ತರೊಳಗೆ ಮಲಗಿದಲ್ಲೇ ಹೋಗಿದ್ದರೆಂಬುದನ್ನು ಅವನ ತಾಯಿ ಆಗಷ್ಟೇ ಹೇಳಿದರು. ಈಚಿನ ಮಾರ್ಗಸೂಚಿಗಳು ಇಂಥವರಿಗೆ ಆಟವನ್ನು ಪೂರ್ತಿ ನಿಷೇಧಿಸದೆ, ರೋಗಿಯೊಡನೆ ಕುಳಿತು ನಿರ್ಧರಿಸಿ ಎನ್ನುತ್ತವೆ. ನಾವು ಕುಳಿತೆವು, ಉಸ್ತಾದರೂ ಕುಳಿತರು. ಅವನು ಈಗ ಚಿಕ್ಕ ಹುಡುಗರಿಗೆ ಪಟ್ಟು ಹೇಳಿಕೊಡುತ್ತಾನೆ. ತಮ್ಮನನ್ನೂ ಪರೀಕ್ಷಿಸಿದೆವು, ಅವನಿಗೆ ಸದ್ಯಕ್ಕೆ ಏನೂ ಇಲ್ಲ, ವರ್ಷಕ್ಕೊಮ್ಮೆ ಬರುತ್ತಾನೆ.

ಟ್ರೆಡ್‌ಮಿಲ್ ಬಗ್ಗೆ ಹೇಳುವುದಾದರೆ, ಭಾರದ ಪೈಲ್ವಾನರಿಗೆ ಹಂತಹಂತವಾಗಿ ವೇಗ, ಏರು ಹೆಚ್ಚಿಸುವ ಬ್ರೂಸ್ ಪ್ರೋಟೋಕಾಲ್ ಹೊಂದುವುದಿಲ್ಲ. ಹೃದಯ ದಣಿಯುವ ಮುಂಚೆ ಮೀನಖಂಡ ಹಿಡಿದುಕೊಳ್ಳುತ್ತದೆ. ಅದಕ್ಕೆ ಹೋಲ್ಟರ್ (ಮೈಗೆ ಕಟ್ಟಿಕೊಂಡು ಓಡಾಡುವ ಇಸಿಜಿ) ಕಟ್ಟಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿಸಿ ನೋಡಿದೆ. ಓಟಗಾರರಲ್ಲಿ ಸೊಗಸಾದ ದಾಖಲೆ ಸಿಕ್ಕಿತು, ಪೈಲ್ವಾನರಲ್ಲಿ ನಂದಿಯ ಹತ್ತಿರ ಬರುವಷ್ಟರಲ್ಲಿ ಬೆವರಿಗೆ ತಂತಿಗಳು ಕಳಚಿದ್ದವು. ಈಗ ನೇರವಾಗಿ ಗರಡಿಯಲ್ಲೇ ಬಸ್ಕಿ ಹೊಡೆಸಿ ಹೋಲ್ಟರ್ ತೆಗೆಯುತ್ತೇವೆ, ಮೇಲೆ ಸೊಂಟದ ಪಟ್ಟಿಯಂಥ ಅಗಲ ಬಟ್ಟೆ ಸುತ್ತಿ.

ಇನ್ನೊಂದು ಪ್ರಯೋಗ ನನಗೆ ಬಹಳ ಖುಷಿ ಕೊಟ್ಟಿತು. 2021ರ ಜೂನ್‌ನಲ್ಲಿ ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಎರಿಕ್ಸನ್ ಮೈದಾನದಲ್ಲೇ ಕುಸಿದು ಬದುಕಿದ್ದು ಅಲ್ಲಿಯೇ ಎದೆ ಒತ್ತಿ, ಡಿಫಿಬ್ರಿಲೇಟರ್ (ಹೃದಯಕ್ಕೆ ಷಾಕ್ ಕೊಡುವ ಯಂತ್ರ) ಬಳಸಿದ್ದರಿಂದ. ಷಾಕ್ ಕೊಡುವುದು ಒಂದು ನಿಮಿಷ ತಡವಾದರೆ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಕುಸಿಯುತ್ತದೆ. ಲಕ್ಷ ರೂಪಾಯಿಯ ಯಂತ್ರ ಎಲ್ಲ ಗರಡಿಗೂ ಕೊಡಿಸಲು ನನ್ನಿಂದಾಗದು. ಎದೆ ಒತ್ತುವುದನ್ನಾದರೂ ಕಲಿಸೋಣ ಎಂದು ಬೊಂಬೆ ಒಯ್ದರೆ, ಉಸ್ತಾದರ ಕೈಗೆ ಅದರ ಸ್ಪ್ರಿಂಗೇ ಮುರಿಯಿತು. ಐದಾರು ಸೆಂಟಿಮೀಟರ್ ಸಾಕು ಎಂದು ಅವರ ಕೈ ತಡೆಯುವುದೇ ಪಾಠವಾಯಿತು. ವೇಗ ಮಾತ್ರ ಯಾರಿಗೂ ಹಿಡಿಯಲಿಲ್ಲ. ಕೊನೆಗೆ ತಮಟೆ ಬಾರಿಸುವವರನ್ನು ಕರೆಸಿ ನಿಮಿಷಕ್ಕೆ 110 ಪೆಟ್ಟು ಹಿಡಿಸಿದೆ. ಅರ್ಧ ಗಂಟೆಯಲ್ಲಿ ಎಲ್ಲರ ಕೈ ಕುಳಿತಿತು. ಆಸ್ಪತ್ರೆಯ ನಮ್ಮ ಕಿರಿಯ ವೈದ್ಯರು ಅಷ್ಟು ಸಮವಾಗಿ ಒತ್ತುವುದನ್ನು ನಾನು ಕಂಡಿಲ್ಲ.

ಈ ವಿಜಯದಶಮಿಗೆ ಆರೇಳು ಹುಡುಗರ ಪಟ್ಟಿ ಸಿದ್ಧವಾಗಿದೆ, ಅದರಲ್ಲಿ ಮೊದಲ ಬಾರಿಗೆ ಒಬ್ಬ ಹುಡುಗಿಯೂ ಇದ್ದಾಳೆ. ದಾವಣಗೆರೆ, ಧಾರವಾಡದ ಕಡೆ ಯಾರಾದರೂ ಶುರು ಮಾಡುವುದಿದ್ದರೆ ಮೊದಲು ದೊಡ್ಡ ಕಫ್ ಎರಡು ಕೊಳ್ಳಿ, ಆಮೇಲೆ ಎಕೊ ಯಂತ್ರದ ಯೋಚನೆ ಮಾಡಿ. ನಿಮ್ಮ ಕಡೆಯ ಜಾತ್ರೆಗಳ ತಿಂಗಳು ಬೇರೆ, ವಿಶ್ರಾಂತಿಯ ತಿಂಗಳನ್ನು ಅದಕ್ಕೆ ತಕ್ಕಂತೆ ನೀವೇ ಹುಡುಕಿಕೊಳ್ಳಬೇಕು.