ಅಮೆರಿಕದ ವಿದ್ಯಾರ್ಥಿ ವೀಸಾ: ಹೆತ್ತವರು ತಿಳಿದಿರಬೇಕಾದ ವಿಷಯಗಳು

ಅಮೆರಿಕದಲ್ಲಿ ಪದವಿ ಅಥವಾ ಸ್ನಾತಕೋತ್ತರ ವ್ಯಾಸಂಗಕ್ಕೆ ಹೋಗುವ ಬಹುತೇಕ ವಿದ್ಯಾರ್ಥಿಗಳಿಗೆ ಬೇಕಾಗುವುದು ಎಫ್-1 ವೀಸಾ. ಅದರ ಅರ್ಜಿದಾರರು ನಿಮ್ಮ ಮಗ ಅಥವಾ ಮಗಳು. ಸಂದರ್ಶನದ ಕಿಟಕಿಯ ಮುಂದೆ ನಿಂತು ಉತ್ತರಿಸಬೇಕಾದವರೂ ಅವರೇ. ಹಾಗೆಂದು ಎಲ್ಲವನ್ನೂ ಕನ್ಸಲ್ಟೆನ್ಸಿಯವರಿಗೆ ಒಪ್ಪಿಸಿ ಹೆತ್ತವರು ನಿಶ್ಚಿಂತೆಯಿಂದ ಕೂರುವಂತಿಲ್ಲ. ಓದಿನ ಖರ್ಚಿಗೆ ಹಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ನಿಮ್ಮ ಬಳಿಯಲ್ಲೇ.

ಮೊದಲು ನೋಡಬೇಕಾದ ಕಾಗದ ಐ-20, ಅಂದರೆ ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕಲು ಬೇಕಾದ ಅರ್ಹತಾ ಪತ್ರ. ಪ್ರವೇಶ ಖಚಿತವಾದ ಮೇಲೆ, ಮೊದಲ ವರ್ಷದ ಖರ್ಚಿಗೆ ಹಣವಿದೆ ಎಂಬ ದಾಖಲೆಗಳನ್ನು ಪರಿಶೀಲಿಸಿ ವಿಶ್ವವಿದ್ಯಾಲಯವೇ ಇದನ್ನು ಕೊಡುತ್ತದೆ. ಮಗುವಿನೊಂದಿಗೆ ಕೂತು ಇದರ ಮೊದಲ ಪುಟವನ್ನು ಒಮ್ಮೆ ಪೂರ್ತಿಯಾಗಿ ಓದಿ. ಹೆಸರು ಮತ್ತು ಹುಟ್ಟಿದ ದಿನಾಂಕ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇವೆಯೇ ಎಂದು ತಾಳೆ ನೋಡಿ. ತಂದೆಯ ಹೆಸರನ್ನೋ ಊರ ಹೆಸರನ್ನೋ ಇನಿಷಿಯಲ್ ಆಗಿ ಬರೆಯುವ ನಮ್ಮ ರೂಢಿಯಿಂದ ಇಲ್ಲಿ ವ್ಯತ್ಯಾಸಗಳು ಉಳಿದುಬಿಡುವುದುಂಟು. ಪುಟದ ಕೆಳಭಾಗದಲ್ಲಿ ಒಂದು ಕಡೆ ಬೋಧನಾ ಶುಲ್ಕ, ಜೀವನವೆಚ್ಚ ಇತ್ಯಾದಿಗಳ ಅಂದಾಜು, ಇನ್ನೊಂದು ಕಡೆ ಆ ಹಣದ ಮೂಲಗಳು ಡಾಲರ್‌ಗಳಲ್ಲಿ ನಮೂದಾಗಿರುತ್ತವೆ. ನೀವು ಹೇಳುವ ಹಣದ ಲೆಕ್ಕ ಈ ಅಂಕಿಗಳಿಗೆ ಹೊಂದಬೇಕು.

ಐ-20 ಬಂದ ಬಳಿಕ ಕಟ್ಟಬೇಕಾದದ್ದು ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ವಿವರ ಇಡುವ ಅಮೆರಿಕ ಸರ್ಕಾರದ ದಾಖಲೆ ವ್ಯವಸ್ಥೆ) ಶುಲ್ಕ 350 ಡಾಲರ್, ವೀಸಾ ಅರ್ಜಿ ಶುಲ್ಕ 185 ಡಾಲರ್. ವೀಸಾ ನಿರಾಕರಣೆಯಾದರೂ ಅರ್ಜಿ ಶುಲ್ಕ ಹಿಂದಿರುಗುವುದಿಲ್ಲ. ಡಿಎಸ್-160 ಎಂಬ ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ಕನ್ಸಲ್ಟೆನ್ಸಿಯವರೇ ತುಂಬಿಕೊಟ್ಟರೂ ಅದರಲ್ಲಿರುವ ಪ್ರತಿ ಮಾತಿಗೂ ಹೊಣೆ ಅರ್ಜಿದಾರರದೇ ಆದ್ದರಿಂದ, ಸಲ್ಲಿಸುವ ಮೊದಲು ಮಗು ಅದನ್ನು ತಾನೇ ಓದಲೇಬೇಕು. ಕಳೆದ 5 ವರ್ಷಗಳಲ್ಲಿ ಬಳಸಿದ ಸಾಮಾಜಿಕ ಜಾಲತಾಣದ ಖಾತೆಗಳ ವಿವರವನ್ನೂ ಅಲ್ಲಿ ಕೇಳುತ್ತಾರೆ. 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾ ಅರ್ಜಿದಾರರು ಆ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ಇಡಬೇಕೆಂಬ ಸೂಚನೆಯಿದೆ. ಬೆರಳಚ್ಚು ಮತ್ತು ಭಾವಚಿತ್ರಕ್ಕೆ ಒಂದು ಭೇಟಿ, ಸಂದರ್ಶನಕ್ಕೆ ಇನ್ನೊಂದು ಭೇಟಿ ಇರುತ್ತದೆ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತಾದರೂ ಆಗ ಅಲ್ಲಿ ವೀಸಾ ಸೇವೆ ಆರಂಭವಾಗಲಿಲ್ಲ. ನಮ್ಮ ಮಕ್ಕಳು ಸಾಮಾನ್ಯವಾಗಿ ಹೋಗುತ್ತ ಬಂದಿರುವುದು ಚೆನ್ನೈ ಅಥವಾ ಹೈದರಾಬಾದಿಗೆ.

ಹಣದ ದಾಖಲೆಗಳ ವಿಚಾರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅನೇಕ ಹೆತ್ತವರು ಮನೆ, ನಿವೇಶನ, ತೋಟಗಳ ಮೌಲ್ಯಮಾಪನ ಪತ್ರವನ್ನು ದೊಡ್ಡ ಮೊತ್ತಕ್ಕೆ ಮಾಡಿಸಿ, ಅದೇ ಸಾಕೆಂದು ಭಾವಿಸುತ್ತಾರೆ. ಆಸ್ತಿ ಕುಟುಂಬದ ಸ್ಥಿತಿಯನ್ನು ಹೇಳುತ್ತದೆ, ನಿಜ. ಆದರೆ ಸೆಮಿಸ್ಟರ್ ಶುಲ್ಕ ಕಟ್ಟಲು ಬೇಕಾಗುವುದು ಉಳಿತಾಯ ಖಾತೆ, ನಿಶ್ಚಿತ ಠೇವಣಿ, ಮಂಜೂರಾದ ಶಿಕ್ಷಣ ಸಾಲದಂತಹ ಕೈಗೆಟಕುವ ಹಣ. ಸಂದರ್ಶನಕ್ಕೆ ಕೆಲವೇ ವಾರ ಇರುವಾಗ ನೆಂಟರಿಂದ ಹಣ ತಂದು ಖಾತೆಗೆ ಹಾಕಿ, ಬ್ಯಾಂಕ್ ಪತ್ರ ಪಡೆದು ಹಿಂದಿರುಗಿಸುವ ಸಲಹೆಯನ್ನು ಯಾರಾದರೂ ಕೊಟ್ಟರೆ ದಯವಿಟ್ಟು ಒಪ್ಪಬೇಡಿ. ಸಂಬಳದ ಖಾತೆಯಲ್ಲಿ ಇದ್ದಕ್ಕಿದ್ದಂತೆ ಕಾಣಿಸಿಕೊಂಡ ಲಕ್ಷಾಂತರ ರೂಪಾಯಿಗೆ ಮಗು ವಿವರಣೆ ಕೊಡಬೇಕಾಗುತ್ತದೆ, ಮತ್ತು ಆ ವಿವರಣೆ ಸುಳ್ಳಾಗಿರುತ್ತದೆ. ವೀಸಾ ಪಡೆಯಲು ಸುಳ್ಳು ಹೇಳಿದ್ದು ಅಥವಾ ನಕಲಿ ದಾಖಲೆ ತೋರಿಸಿದ್ದು ಸಾಬೀತಾದರೆ ಅಮೆರಿಕಕ್ಕೆ ಜೀವನಪೂರ್ತಿ ಪ್ರವೇಶ ನಿಷಿದ್ಧವಾಗುವ ಸಂಭವವಿದೆ. ಸಾಧಾರಣ ನಿರಾಕರಣೆಯಾದರೆ ಮತ್ತೆ ಅರ್ಜಿ ಹಾಕಬಹುದು.

ಕೃಷಿ ಕುಟುಂಬದವರು ಆದಾಯ ತೆರಿಗೆ ವಿವರ ಸಲ್ಲಿಸಿಲ್ಲವೆಂದು ಅಂಜಬೇಕಾಗಿಲ್ಲ. ಪಹಣಿ, ಅಡಿಕೆ ಅಥವಾ ಕಾಫಿ ಮಾರಿದ ಪಟ್ಟಿಗಳು, ಆ ಹಣ ಸಹಕಾರ ಸಂಘದ ಅಥವಾ ಬ್ಯಾಂಕಿನ ಖಾತೆಗೆ ಜಮೆಯಾದ ವಿವರ, ಇವುಗಳನ್ನು ವರ್ಷವಾರು ಜೋಡಿಸಿಟ್ಟರೆ ಆದಾಯದ ಮೂಲ ಸ್ಪಷ್ಟವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಉದ್ಯೋಗವೇನು, ವರ್ಷದ ಆದಾಯವೆಷ್ಟು, ಸಾಲವೆಷ್ಟು, ಎರಡನೆಯ ವರ್ಷದ ಶುಲ್ಕವನ್ನು ಹೇಗೆ ಹೊಂದಿಸುತ್ತೀರಿ ಎಂಬುದನ್ನು ಮಗುವಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಮನೆಯ ಹಣಕಾಸನ್ನು ಮಕ್ಕಳಿಂದ ಮರೆಮಾಚಿಯೇ ಬೆಳೆಸಿದ ನಮ್ಮಲ್ಲಿ ಹಲವರಿಗೆ ಇದು ಕಷ್ಟದ ಮಾತುಕತೆ. ಆದರೆ ಸಂದರ್ಶನ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ಅಧಿಕಾರಿ ಕಾಗದಗಳನ್ನು ನೋಡದೆಯೂ ಇರಬಹುದು, ಆಗ ಉಳಿಯುವುದು ಮಗುವಿನ ಬಾಯಿಂದ ಬರುವ ಉತ್ತರ ಮಾತ್ರ. ಅರೆಕಾಲಿಕ ಕೆಲಸದ ಸಂಪಾದನೆಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ತರಗತಿಗಳು ನಡೆಯುವ ಅವಧಿಯಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಮಾತ್ರ ಕೆಲಸಕ್ಕೆ ಅವಕಾಶವಿದ್ದು, ಆ ಕೆಲಸ ಸಿಕ್ಕೇ ಸಿಗುತ್ತದೆಂಬ ಭರವಸೆಯೂ ಇಲ್ಲ.

ನಿರಾಕರಣೆಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಅಮೆರಿಕದ ವಲಸೆ ಕಾನೂನಿನ 214(ಬಿ) ಎಂಬ ಕಲಮು. ಓದು ಮುಗಿಸಿ ಹಿಂದಿರುಗುವ ಉದ್ದೇಶ ಮನದಟ್ಟಾಗಲಿಲ್ಲ ಎಂಬುದು ಸಾಮಾನ್ಯವಾಗಿ ಇದರ ತಾತ್ಪರ್ಯ. ಮೇಲ್ಮನವಿಗೆ ಅವಕಾಶವಿಲ್ಲ. ಮತ್ತೆ ಅರ್ಜಿ ಹಾಕುವ ಮೊದಲು, ಆ ಕೋರ್ಸನ್ನು ಆರಿಸಿದ್ದೇಕೆ, ಮುಂದೆ ಮಾಡುವುದೇನು ಎಂಬುದಕ್ಕೆ ಮಗುವಿನಲ್ಲಿ ಸ್ವಂತದ ಉತ್ತರ ಇತ್ತೇ ಎಂದು ಸಮಾಧಾನದಿಂದ ಮಾತನಾಡಿ ತಿಳಿಯಿರಿ.

ವೀಸಾ ಸಿಕ್ಕ ಬಳಿಕ ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಚೀಟಿಯ ಮೇಲಿನ ಕೊನೆಯ ದಿನಾಂಕ ಹೆತ್ತವರನ್ನು ಬಹಳ ಗೊಂದಲಕ್ಕೆ ಈಡುಮಾಡುತ್ತದೆ. ವೀಸಾ ಇರುವುದು ಆ ದೇಶದ ಬಾಗಿಲಿಗೆ ಹೋಗಿ ಪ್ರವೇಶ ಕೇಳುವುದಕ್ಕೆ. ಒಳಗೆ ಉಳಿಯುವ ಅವಧಿಯನ್ನು ನಿರ್ಧರಿಸುವುದು ಐ-94 ಎಂಬ ಪ್ರವೇಶ ದಾಖಲೆ ಮತ್ತು ಚಾಲ್ತಿಯಲ್ಲಿರುವ ಐ-20. ಆದ್ದರಿಂದ ಓದಿನ ನಡುವೆ ವೀಸಾ ಚೀಟಿಯ ಅವಧಿ ಮುಗಿದರೆ ಅದೇ ಅಪರಾಧವಾಗುವುದಿಲ್ಲ. ಊರಿಗೆ ಬಂದು ಮರಳುವಾಗ ಮಾತ್ರ ಹೊಸ ವೀಸಾ ಬೇಕು. ಮದುವೆಗೋ ಹಬ್ಬಕ್ಕೋ ಮಗುವನ್ನು ಕರೆಸಿಕೊಳ್ಳಲು ಟಿಕೆಟ್ ತೆಗೆಯುವ ಮುನ್ನ ವೀಸಾದ ಅವಧಿಯನ್ನೂ, ಐ-20ರ ಮೇಲೆ ವಿಶ್ವವಿದ್ಯಾಲಯದ ಅಧಿಕಾರಿ ಹಾಕುವ ಪ್ರಯಾಣದ ಸಹಿಯನ್ನೂ ನೋಡಿಕೊಳ್ಳಿ. ಮೊದಲ ಸಲ ಹೋಗುವಾಗ ಕೋರ್ಸ್ ಆರಂಭಕ್ಕೆ 30 ದಿನಗಳಿಗಿಂತ ಮುಂಚೆ ಪ್ರವೇಶವಿಲ್ಲ ಎಂಬುದೂ ನೆನಪಿರಲಿ.

ಅಲ್ಲಿ ತೊಂದರೆಯಾದಾಗ ವಿಶ್ವವಿದ್ಯಾಲಯಕ್ಕೆ ನೇರವಾಗಿ ಫೋನ್ ಮಾಡಿದರೆ, ಶುಲ್ಕ ಕಟ್ಟುವವರು ನೀವೇ ಆದರೂ, ಅವರು ವಿವರ ಕೊಡದಿರಬಹುದು. ವಿದ್ಯಾರ್ಥಿಯ ದಾಖಲೆಗಳ ಗೋಪ್ಯತೆಯನ್ನು ಅಲ್ಲಿನ ಫೆರ್ಪಾ ಕಾನೂನು ಕಾಯುತ್ತದೆ. ಹೊರಡುವ ಮೊದಲೇ ಮಗುವಿನ ಐ-20 ಮತ್ತು ಪಾಸ್‌ಪೋರ್ಟಿನ ಪ್ರತಿಗಳನ್ನು ಮನೆಯಲ್ಲಿ ಇಟ್ಟುಕೊಳ್ಳಿ. ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ಸಂಪರ್ಕವನ್ನು ಬರೆದಿಟ್ಟುಕೊಳ್ಳಿ. ಹೆತ್ತವರಿಗೆ ಮಾಹಿತಿ ಕೊಡಬಹುದೆಂಬ ಒಪ್ಪಿಗೆ ಪತ್ರಕ್ಕೆ ಅವಕಾಶವಿದ್ದರೆ, ಅದಕ್ಕೆ ಸಹಿ ಮಾಡುವಂತೆ ಮಗುವಿನ ಬಳಿ ಈಗಲೇ ಕೇಳಿಕೊಳ್ಳಿ.