ಕಟ್ಟಡದ ಹಿಂದಿನ ಸುಳಿಗಾಳಿ: ಮೊದಲು ಟೈಮ್ ಸ್ಟೆಪ್, ಆಮೇಲೆ ಮೆಶ್

ಮುಂಬಯಿ, ಪುಣೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುತ್ತಿರುವ ನಮ್ಮ ಕನ್ನಡದ ಮಕ್ಕಳಲ್ಲಿ ಹಲವರು ಪ್ರಾಜೆಕ್ಟಿಗೆ ಎತ್ತರದ ಕಟ್ಟಡದ ಸುತ್ತಲಿನ ಗಾಳಿಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದನ್ನೇ ಆರಿಸಿಕೊಳ್ಳುತ್ತಾರೆ. ಕೂತ ಕೂಡಲೇ ಮೆಶ್ (ಗಾಳಿಯ ಜಾಗವನ್ನು ಸಣ್ಣ ಸಣ್ಣ ಸೆಲ್ಲುಗಳಾಗಿ ಪಾಲು ಮಾಡುವ ಬಲೆ) ಹೆಣೆಯಬೇಡಿ. ಸುಳಿ ಎಷ್ಟು ಹೊತ್ತಿಗೊಮ್ಮೆ ಕಳಚುತ್ತದೆ ಎಂಬುದನ್ನು ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ.

ಗೋಪುರ ಚೌಕ, ಅಗಲ 30 ಮೀಟರ್, ಗಾಳಿಯ ಸರಾಸರಿ ವೇಗ ಸೆಕೆಂಡಿಗೆ 30 ಮೀಟರ್ ಎಂದಿಟ್ಟುಕೊಳ್ಳೋಣ. (ಕಟ್ಟಡಗಳ ಮೇಲಿನ ಹೊರೆಗೆ ಭಾರತದ ಮಾನಕವಾದ ಐಎಸ್ 875 ಸಂಹಿತೆ ಮುಂಬಯಿಗೆ 44, ಪುಣೆಗೆ 39 ಎನ್ನುತ್ತದೆ. ಅವು 3 ಸೆಕೆಂಡಿನ ಬಿರುಗಾಳಿಯ ಅಂಕಿಗಳು; ಸರಾಸರಿ ವೇಗವೆಂದು ಹಾಗೇ ತುಂಬಬಾರದು.) ಚೌಕಕ್ಕೆ ಸ್ಟ್ರೌಹಾಲ್ ಸಂಖ್ಯೆ (ಸುಳಿ ಕಳಚುವ ಆವರ್ತನವನ್ನು ವೇಗಕ್ಕೂ ಅಗಲಕ್ಕೂ ಜೋಡಿಸುವ ಅಂಕಿ) ಸುಮಾರು 0.12. ವೇಗದಿಂದ ಗುಣಿಸಿ ಅಗಲದಿಂದ ಭಾಗಿಸಿದರೆ ಆವರ್ತನ 0.12 ಹರ್ಟ್ಜ್, ಒಂದು ಸುತ್ತಿಗೆ 8.3 ಸೆಕೆಂಡು. ಅದನ್ನು 200 ಪಾಲು ಮಾಡಿದರೆ ಟೈಮ್ ಸ್ಟೆಪ್, ಅಂದರೆ ಲೆಕ್ಕ ಒಮ್ಮೆಗೆ ಮುಂದೆ ಸರಿಯುವ ಕಾಲ, ಸುಮಾರು 0.04 ಸೆಕೆಂಡು.

ಈಗ ಮೆಶ್. ಮೂಲೆಯಲ್ಲಿ ಸೆಲ್ 1 ಮೀಟರ್ ಇದ್ದು, ಗಾಳಿ ಅಲ್ಲಿ 45ಕ್ಕೆ ಏರಿದರೆ ಕೊರಾಂಟ್ ಸಂಖ್ಯೆ (ಒಂದು ಸ್ಟೆಪ್ಪಿನಲ್ಲಿ ಗಾಳಿ ದಾಟುವ ಸೆಲ್ಲುಗಳ ಎಣಿಕೆ) 1.8. ಇಂಪ್ಲಿಸಿಟ್ ಸಾಲ್ವರ್ (ಮುಂದಿನ ಕ್ಷಣದ ಅಂಕಿಗಳನ್ನೆಲ್ಲ ಒಟ್ಟಿಗೆ ಬಿಡಿಸುವ ಲೆಕ್ಕದ ವಿಧಾನ) ಇದಕ್ಕೆ ಕುಸಿಯುವುದಿಲ್ಲ, ಆದರೆ ಮೂಲೆಯಿಂದ ಹೊರಡುವ ತೆಳು ಪದರ ಮಸುಕಾಗುತ್ತದೆ. ಸ್ಟೆಪ್ಪನ್ನು 0.02ಕ್ಕೆ ಇಳಿಸಿ. ಮುಂದೆ ಸೆಲ್ ಅರ್ಧ ಮಾಡಿದರೆ ಸ್ಟೆಪ್ಪನ್ನೂ ಅರ್ಧ ಮಾಡಲೇಬೇಕು.

ಅತಿ ಹೆಚ್ಚು ಮೋಸ ಮಾಡುವುದು ಫಸ್ಟ್ ಆರ್ಡರ್ ಸ್ಕೀಮ್, ಅಂದರೆ ಸೆಲ್ಲಿನಿಂದ ಸೆಲ್ಲಿಗೆ, ಸ್ಟೆಪ್ಪಿನಿಂದ ಸ್ಟೆಪ್ಪಿಗೆ ಆಗುವ ಬದಲಾವಣೆಯ ಒರಟು ಅಂದಾಜು. ಅದು ಇಲ್ಲದ ಸ್ನಿಗ್ಧತೆಯನ್ನು ಸೇರಿಸಿ ಸುಳಿಯನ್ನೇ ಅಡಗಿಸುತ್ತದೆ; ಅಡ್ಡಬಲದ ಗೆರೆ ನೆಟ್ಟಗಾಗುತ್ತದೆ, ನೋಡಿದವರು ಉತ್ತರ ಸಿಕ್ಕಿತು ಎಂದುಕೊಳ್ಳುತ್ತಾರೆ. ಕಾಲಕ್ಕೂ ವೇಗಕ್ಕೂ ಸೆಕೆಂಡ್ ಆರ್ಡರ್ ಇಡಿ. ಓಪನ್‌ಫೋಮ್ ಸಾಫ್ಟ್‌ವೇರಿನಲ್ಲಾದರೆ ‘ಬ್ಯಾಕ್‌ವರ್ಡ್’ ಮತ್ತು ‘ಲೀನಿಯರ್‌ಅಪ್‌ವಿಂಡ್’. ಸಮಯ ಉಳಿಸಲೆಂದು ಅರ್ಧ ಕಟ್ಟಡ ಮಾತ್ರ ಬಿಡಿಸಿ, ನಡುಗೆರೆಯಲ್ಲಿ ಸಿಮೆಟ್ರಿ (ಉಳಿದರ್ಧ ಇದರ ಕನ್ನಡಿಬಿಂಬ ಎಂಬ ಷರತ್ತು) ಹಾಕುವುದಂತೂ ಕೂಡದು. ಸುಳಿಗಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಳಚುತ್ತವೆ, ನಡುಗೆರೆ ಅದನ್ನು ತಡೆದುಬಿಡುತ್ತದೆ.

ಪ್ರತಿ ಸ್ಟೆಪ್ಪಿನೊಳಗೂ ರೆಸಿಡ್ಯುಯಲ್ (ಸಮೀಕರಣದಲ್ಲಿ ಇನ್ನೂ ಉಳಿದ ತಪ್ಪು) ಸಾವಿರ ಪಟ್ಟು ಇಳಿಯಲಿ. ಅದಕ್ಕೆ 20ಕ್ಕಿಂತ ಹೆಚ್ಚು ಇಟರೇಶನ್ (ಮರುಲೆಕ್ಕ) ಹಿಡಿದರೆ, ಇಟರೇಶನ್ ಏರಿಸುವ ಬದಲು ಸ್ಟೆಪ್ ಕಿರಿದು ಮಾಡುವುದೇ ಅಗ್ಗ.

ಉಳಿತಾಯದ ದಾರಿಗಳು ಬೇರೆ ಇವೆ. ಸ್ಟೆಡಿ (ಕಾಲದೊಂದಿಗೆ ಬದಲಾಗದ) ಉತ್ತರದಿಂದ ಆರಂಭಿಸಿ. ಸುಳಿ ಏಳಲು ತಡವಾದರೆ ಒಳಬರುವ ಗಾಳಿಯನ್ನು ಮೊದಲ ಕೆಲವು ಸೆಕೆಂಡು ತುಸು ಓರೆ ಮಾಡಿ. ಡೊಮೇನಿನ (ಲೆಕ್ಕಕ್ಕೆ ತೆಗೆದುಕೊಂಡ ಜಾಗದ) ಗಾಳಿ ಎರಡು ಬಾರಿ ಪೂರ್ತಿ ಹೊರಹೋಗುವವರೆಗಿನ ಅಂಕಿಗಳನ್ನು ಬಿಟ್ಟುಬಿಡಿ. ಆಮೇಲಿನ 20 ಸುತ್ತಿಗೆ ಸುಮಾರು 8,300 ಸ್ಟೆಪ್. ಮೊದಲ ಹತ್ತು, ಕೊನೆಯ ಹತ್ತು ಸುತ್ತುಗಳ ಸರಾಸರಿ ತಾಳೆಯಾಗದಿದ್ದರೆ ಇನ್ನೂ ಓಡಿಸಿ. ಬಲಗಳನ್ನು ಪ್ರತಿ ಸ್ಟೆಪ್ಪಿಗೂ ಬರೆಯಿಸಿ, ಪೂರ್ತಿ ಫೀಲ್ಡನ್ನು (ಎಲ್ಲ ಸೆಲ್ಲುಗಳ ಅಂಕಿಗಳನ್ನು) ಸುತ್ತಿಗೆ 20 ಬಾರಿ ಬರೆಯಿಸಿದರೆ ಸಾಕು, ಇಲ್ಲವಾದರೆ ಡಿಸ್ಕಿಗೆ ಬರೆಯುವುದರಲ್ಲೇ ಪ್ರೊಸೆಸರ್ ಕಾಯುತ್ತ ಕೂರುತ್ತದೆ.