ಬೀಫ್ ಕಡ್ಡಿ ಕೆಂಡದ ಮೇಲೆ: ನಾನು ಮಾಡುವ ಕ್ರಮ

ಸೋಯಾ ಸಾಸ್, ಶುಂಠಿ, ಎಳ್ಳೆಣ್ಣೆಯಲ್ಲಿ ನೆನೆಸಿದ ಬೀಫನ್ನು ಕಡ್ಡಿಗೆ ಪೋಣಿಸಿ ಸುಡುವಾಗ ಹೆಚ್ಚಿನವರು ತಲೆ ಕೆಡಿಸಿಕೊಳ್ಳುವುದು ಮಸಾಲೆಯ ಬಗ್ಗೆ. ಆದರೆ ಮಾಂಸ ಮೆತ್ತಗಾಗುತ್ತದೋ ನಾರಾಗುತ್ತದೋ ಎಂಬುದು ಕತ್ತರಿಸುವಾಗಲೇ ತೀರ್ಮಾನವಾಗಿರುತ್ತದೆ.

ನಾನು ಬಳಸುವುದು ಫ್ಲ್ಯಾಂಕ್ (ಹೊಟ್ಟೆಯ ಭಾಗದ ಮಾಂಸ) ಇಲ್ಲವೇ ಸರ್ಲಾಯಿನ್ (ಸೊಂಟದ ಹಿಂಭಾಗದ ಮಾಂಸ), 750 ಗ್ರಾಂ. ಫ್ಲ್ಯಾಂಕಿನ ಎಳೆಗಳು ಉದ್ದಕ್ಕೆ ಹರಿದಿರುವುದು ಬರಿಗಣ್ಣಿಗೇ ಕಾಣುತ್ತದೆ. ಮಾಂಸವನ್ನು ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟರೆ ತುಸು ಗಟ್ಟಿಯಾಗಿ ಚಾಕುವಿಗೆ ಹಿಡಿತ ಸಿಗುತ್ತದೆ. ಎಳೆಗೆ ಅಡ್ಡಲಾಗಿ 5–6 ಮಿ.ಮೀ. ದಪ್ಪದ ಪಟ್ಟಿ ಕತ್ತರಿಸಬೇಕು. ಒಂದು ಪಟ್ಟಿಯನ್ನು ಎರಡೂ ತುದಿ ಹಿಡಿದು ಮೆಲ್ಲಗೆ ಎಳೆದು ನೋಡಿ. ಎಳೆಗಳು ಬಿಡಿಬಿಡಿಯಾಗಿ ಸಂದು ಬಿಟ್ಟರೆ ಸರಿ. ಹಗ್ಗದಂತೆ ಬಿಗಿದು ನಿಂತರೆ ಎಳೆಯ ಉದ್ದಕ್ಕೇ ಕತ್ತರಿಸಿದ್ದೀರಿ, ಹಲಗೆಯ ಮೇಲಿನ ತುಂಡನ್ನು ತಿರುಗಿಸಿಕೊಳ್ಳಿ.

ಮಸಾಲೆಗೆ: ಸೋಯಾ ಸಾಸ್ 4 ದೊಡ್ಡ ಚಮಚ, ಕಂದು ಸಕ್ಕರೆ 2, ಹುರಿದ ಎಳ್ಳಿನ ಎಣ್ಣೆ 1, ನಿಂಬೆರಸ 1, ಜಜ್ಜಿದ ಬೆಳ್ಳುಳ್ಳಿ 4 ಎಸಳು, ತುರಿದ ಶುಂಠಿ ಒಂದಿಂಚು, ಒಣಮೆಣಸಿನ ಚೂರು 1 ಸಣ್ಣ ಚಮಚ. ನಿಂಬೆಹುಲ್ಲು ಸಿಕ್ಕರೆ ಅದರ ಬುಡದ ಬಿಳಿ ಭಾಗವನ್ನು ನುಣ್ಣಗೆ ಹೆಚ್ಚಿ ಹಾಕುತ್ತೇನೆ. ಉಪ್ಪು ಬೇಡವೇ ಬೇಡ, ಸೋಯಾದಲ್ಲಿರುವುದೇ ಸಾಕು. ಹಸಿ ಮಾಂಸ ಮುಟ್ಟುವ ಮೊದಲೇ ಇದರಲ್ಲಿ 2 ಚಮಚ ತೆಗೆದಿಡಿ, ಕೊನೆಯಲ್ಲಿ ಸವರಲು ಬೇಕು.

ಫ್ರಿಜ್‌ನಲ್ಲಿ 2ರಿಂದ 4 ಗಂಟೆ ನೆನೆದರೆ ಸಾಕು. ಮಸಾಲೆ ಇಳಿಯುವುದೇ ಮೇಲಿನ ಕೆಲವು ಮಿ.ಮೀ.ವರೆಗೆ, ಪಟ್ಟಿ ತೆಳ್ಳಗಿರಬೇಕೆನ್ನುವುದು ಅದಕ್ಕೂ ಹೌದು. ಬೇಗ ಮೆತ್ತಗಾಗಲೆಂದು ಹಸಿ ಅನಾನಸ್ ರಸ ಹಾಕುವವರು ಗಡಿಯಾರ ನೋಡುತ್ತಿರಬೇಕು: ಅದರ ಕಿಣ್ವ ಪ್ರೋಟೀನನ್ನೇ ಒಡೆಯುವುದರಿಂದ, ಅರ್ಧ ಗಂಟೆ ಮೀರಿದರೆ ಇಷ್ಟು ತೆಳ್ಳನೆಯ ಮಾಂಸದ ಮೇಲ್ಮೈ ಲೋಳೆಯಾಗುತ್ತದೆ. ಡಬ್ಬಿಯ ಅನಾನಸ್‌ನಲ್ಲಿ ಕಿಣ್ವ ಬಿಸಿಗೆ ಸತ್ತಿರುತ್ತದೆ, ಸಿಹಿಯಷ್ಟೇ ಉಳಿದಿರುತ್ತದೆ.

ಬಿದಿರು ಕಡ್ಡಿ ಅರ್ಧ ಗಂಟೆ ನೀರಿನಲ್ಲಿರಲಿ. ಪಟ್ಟಿಯನ್ನು ಅಲೆಅಲೆಯಾಗಿ ಮಡಚಿ ಪೋಣಿಸಿ. ಒತ್ತೊತ್ತಾಗಿ ತುರುಕಿದರೆ ಮಡಿಕೆಯೊಳಗೆ ಬೇಯುತ್ತದೆ, ಸುಡುವುದಿಲ್ಲ. ಕೆಂಡಕ್ಕಿಡುವ ಮುನ್ನ ಪೇಪರ್ ಟವೆಲ್‌ನಿಂದ ಒತ್ತಿ ತೇವ ತೆಗೆಯುವುದನ್ನು ನಾನು ಎಂದೂ ಬಿಡುವುದಿಲ್ಲ. ಮೇಲೆ ನೀರಿರುವವರೆಗೆ ಶಾಖವೆಲ್ಲ ಅದನ್ನು ಆವಿ ಮಾಡುವುದಕ್ಕೇ ಹೋಗುತ್ತದೆ, ಮಾಂಸ ಕೆಂಪಗಾಗುವುದೇ ಇಲ್ಲ. ತೊಟ್ಟಿಕ್ಕುವ ಸಕ್ಕರೆ, ಎಣ್ಣೆಯಿಂದ ಜ್ವಾಲೆ ಏಳುವುದೂ ಇದರಿಂದ ತಪ್ಪುತ್ತದೆ.

ಇದ್ದಿಲಿನ ಮೇಲೆ ಬೂದಿ ಕಟ್ಟಿದ ಮೇಲೆ ಕೆಂಡವನ್ನೆಲ್ಲ ಒಂದೇ ಬದಿಗೆ ಸರಿಸಿ. ಗ್ರಿಲ್‌ನ ಕಂಬಿಗಿಂತ ಸ್ವಲ್ಪ ಮೇಲೆ ಅಂಗೈ ಹಿಡಿದರೆ ಎರಡು-ಮೂರು ಸೆಕೆಂಡಿಗಿಂತ ಹೆಚ್ಚು ತಡೆಯಬಾರದು. ಕಂಬಿಗೆ ಎಣ್ಣೆ ಸವರಿ ಮಾಂಸವನ್ನು ಕೆಂಡದ ಮೇಲೆ, ಕಡ್ಡಿಯ ತುದಿಯನ್ನು ಖಾಲಿ ಬದಿಗೆ ಬರುವಂತೆ ಇಡಿ. ಎಷ್ಟು ನೆನೆಸಿದ ಕಡ್ಡಿಯಾದರೂ ನೇರ ಕೆಂಡದ ಮೇಲೆ ಉರಿಯದೆ ಇರದು. ಒಂದೊಂದು ಬದಿಗೆ ಎರಡು ನಿಮಿಷ. ಮೊದಲ ಬದಿ ಬಲವಂತವಾಗಿ ಎಬ್ಬಿಸಬೇಡಿ, ಕೆಂಪಗಾದ ಮಾಂಸ ತಾನಾಗಿಯೇ ಕಂಬಿ ಬಿಡುತ್ತದೆ. ಅಂಚು ಕಪ್ಪಾಗುತ್ತಾ ಒಳಗೆ ಹಸಿಯಿದ್ದರೆ ಕಡ್ಡಿಯನ್ನು ಪೂರ್ತಿ ಖಾಲಿ ಬದಿಗೆ ಎಳೆದು ಮುಚ್ಚಳ ಹಾಕಿ.

ತೆಗೆದಿಟ್ಟ ಮಸಾಲೆ ಸವರುವುದು ಕೊನೆಯ 30 ಸೆಕೆಂಡಿನಲ್ಲಿ ಮಾತ್ರ, ಮೊದಲೇ ಸವರಿದರೆ ಸಕ್ಕರೆ ಸೀದು ಕಹಿಯಾಗುತ್ತದೆ. ಇಳಿಸಿದ ಮೇಲೆ ಹುರಿದ ಎಳ್ಳು, ಈರುಳ್ಳಿ ಸೊಪ್ಪು ಉದುರಿಸಿ. ಮಾಂಸ ನೆನೆದ ಮಸಾಲೆಯನ್ನು ಚೆಲ್ಲಿ, ಅಥವಾ ಕೆಲವು ನಿಮಿಷ ಕೊತಕೊತ ಕುದಿಸಿಯೇ ಬಳಸಿ.